ಶೇಂಗಾ ಹೊಲದ ಹಕ್ಕಲು: ಕರೆದು ಆಯಿಸುವ ಕ್ರಮ

ಚಳ್ಳಕೆರೆ, ಪಾವಗಡ ಸೀಮೆಯಲ್ಲಿ ಶೇಂಗಾ ಕಿತ್ತ ಹೊಲಕ್ಕೆ ಹಕ್ಕಲು, ಅಂದರೆ ಬೆಳೆ ತೆಗೆದ ಮೇಲೆ ಅಲ್ಲೇ ಉಳಿದ ಕಾಯಿ, ಆಯಲು ಹೋಗುವುದು ಗತಿಯಿಲ್ಲದವರ ಕೆಲಸವೆಂಬ ಭಾವನೆ ಇನ್ನೂ ಪೂರ್ತಿ ಅಳಿದಿಲ್ಲ. ಆಯುವವರಿಗೆ ಅಳುಕು, ಹೊಲದವರಿಗೆ ಕಳವಿನ ಅನುಮಾನ. ಮಣ್ಣಿನಲ್ಲಿ ಉಳಿದ ಕಾಯಿ ಹೇಗೂ ಮೊಳೆತೋ ಕೊಳೆತೋ ಹೋಗುವಂಥದ್ದು. ಅದನ್ನು ಬೆವರು ಸುರಿಸಿ ಆಯ್ದು ಉಣ್ಣುವುದರಲ್ಲಿ ಕೀಳೆಂಬುದು ಏನೂ ಇಲ್ಲ. ಈ ಭಾವನೆ ಬದಲಾಗಬೇಕಾದರೆ ಮೊದಲ ಹೆಜ್ಜೆಯನ್ನು ಹೊಲದವರೇ ಇಡಬೇಕು, ಅಂದರೆ ಕೇಳಿಕೊಂಡು ಬರುವವರೆಗೆ ಕಾಯದೆ ತಾವಾಗಿಯೇ ಕರೆಯಬೇಕು.

ಬಳ್ಳಿಯನ್ನೆಲ್ಲ ಕಣಕ್ಕೆ ಸಾಗಿಸಿದ ಮೇಲೆ, ಯಾವ ಹೊಲ, ಯಾವ ಬದುವಿನವರೆಗೆ, ಎಷ್ಟು ದಿನ ಎಂಬುದನ್ನು ಹಿಂದಿನ ಸಂಜೆಯೇ ಊರಿನಲ್ಲಿ ಹೇಳಿ ಕಳಿಸಿ. ಆಯ್ದದ್ದೆಲ್ಲ ಆಯ್ದವರದೇ, ಅದರಲ್ಲಿ ಪಾಲು ಕೇಳುವುದಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಬೆಳೆ ಕಿತ್ತ ಕೂಲಿಯವರಿಗೆ ಮೊದಲ ಅವಕಾಶ ಕೊಡುವುದು ನ್ಯಾಯ. ಆದರೆ ಹಕ್ಕಲು ತೋರಿಸಿ ಕೂಲಿ ಕಡಿಮೆ ಮಾಡುವುದು ಶುದ್ಧ ಅನ್ಯಾಯ. ಫ್ರಾನ್ಸಿನಲ್ಲಿ 1554ರ ರಾಜಾಜ್ಞೆಯು ಬಡವರಿಗೂ ಅಶಕ್ತರಿಗೂ ಹಕ್ಕಲು ಆಯಲು ಅವಕಾಶ ಕೊಟ್ಟಿದ್ದರೆ, ಇಂಗ್ಲೆಂಡಿನಲ್ಲಿ ತಲೆತಲಾಂತರದಿಂದ ನಡೆದುಬಂದಿದ್ದ ಈ ರೂಢಿಯು ಕಾನೂನಿನ ಹಕ್ಕಲ್ಲವೆಂದು 1788ರಲ್ಲಿ ನ್ಯಾಯಾಲಯ ತೀರ್ಪು ನೀಡಿತು. ಬರಿಯ ರೂಢಿಯನ್ನು ನಂಬಿ ಹೊಲಕ್ಕೆ ಇಳಿಯುವುದಕ್ಕಿಂತ, ನಾಲ್ಕು ಜನರ ಮುಂದೆ ಆಡಿದ ಒಪ್ಪಿಗೆಯ ಮಾತು ಆಯುವವರಿಗೂ ಹೊಲದವರಿಗೂ ಕ್ಷೇಮ.

ಮಳೆ ಹಿಂದೆ ಸರಿದು ನೆಲ ಬಿಗಿದಾಗ ಬಳ್ಳಿ ಕಿತ್ತರೆ ತೊಟ್ಟು ಕಡಿದು ಕಾಯಿ ಒಳಗೇ ಉಳಿಯುತ್ತದೆ. ಕೀಳುವುದು ತಡವಾದರೂ ತೊಟ್ಟು ಸಡಿಲಗೊಂಡು ಹಾಗೆಯೇ ಆಗುತ್ತದೆ. ಅಂಥ ಹೊಲದಲ್ಲಿ ಹದ ಮಳೆಯ ಮರುದಿನ ಸಣ್ಣ ಗುದ್ದಲಿಯಿಂದ ಮೇಲ್ಮಣ್ಣನ್ನು ಕೆದಕಿದರೆ ಕಾಯಿ ಸುಲಭವಾಗಿ ಸಿಗುತ್ತದೆ. ಹೊಲದವರು ಒಮ್ಮೆ ತೆಳುವಾಗಿ ನೇಗಿಲು ಹೊಡೆಸಿದರೆ ಇನ್ನೂ ಒಳ್ಳೆಯದು: ಸಾಲಿನ ಹಿಂದೆಯೇ ನಡೆದು, ಮಗುಚಿದ ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿ, ಒಳಗೆ ಕಚ್ಚಿಕೊಂಡ ಕಾಯಿಯನ್ನು ಬಿಡಿಸಿಕೊಳ್ಳಬಹುದು. ಟ್ರ್ಯಾಕ್ಟರ್ ಓಡುತ್ತಿರುವಾಗ ಮಾತ್ರ ಮಕ್ಕಳನ್ನು ಹೊಲಕ್ಕೆ ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಆರಿಸುವಾಗ. ಬಹಳ ದಿನ ಮಣ್ಣಿನಲ್ಲಿದ್ದ, ಗೆದ್ದಲು ಸಿಪ್ಪೆ ಕೆರೆದ ಅಥವಾ ಬಿರುಕು ಬಿಟ್ಟ ಕಾಯಿಗಳಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಒಡೆದು ನೋಡಿದಾಗ ಬೀಜದ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿ ಕಂಡರೆ, ಬೀಜ ಸುಕ್ಕಿ ಕಪ್ಪಾಗಿದ್ದರೆ, ರುಚಿ ಕಹಿಯಾಗಿದ್ದರೆ ಅದನ್ನು ಬಿಸಾಡಲೇಬೇಕು. ಈ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರವಾದದ್ದು. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ದನಕ್ಕೂ ಹಾಕಬಾರದು, ಏಕೆಂದರೆ ಹಾಲಿನಲ್ಲಿ ಅದರ ಅಂಶ ಬರುತ್ತದೆ. ಕಣ್ಣಿಗೆ ಕಾಣದ ಸೋಂಕೂ ಇರಬಹುದಾದ್ದರಿಂದ ಅನುಮಾನ ಬಂದ ಕಾಯಿಯನ್ನು ಉಳಿಸಿಕೊಳ್ಳುವ ಆಸೆ ಬೇಡ.

ಒಳ್ಳೆಯ ಕಾಯಿಯನ್ನು ತೊಳೆಯದೆ, ಮಣ್ಣು ಉದುರಿಸಿ, ತೆಳುವಾಗಿ ಹರಡಿ, ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಗಾಣಕ್ಕೆ ಒಯ್ಯುವ ಕಾಯಿಯನ್ನೂ ಇಷ್ಟೇ ಜೋಪಾನವಾಗಿ ಆರಿಸಬೇಕು. ಕೆಟ್ಟ ಬೀಜದ ವಿಷ ಗಾಣದ ಎಣ್ಣೆಗೂ ಇಳಿಯುತ್ತದೆ.