ಹಾಲಿಗೂ ಊಟಕ್ಕೂ ನಡುವೆ ಬೇಕಾದ ಹೊತ್ತು

ವರ್ಷ ತುಂಬಿದ ಮಗು ತುತ್ತು ಕಂಡ ಕೂಡಲೇ ಬಾಯಿ ಬಿಗಿಹಿಡಿದು ಮುಖ ತಿರುಗಿಸಿದರೆ, ಅಡುಗೆಯ ರುಚಿಯನ್ನು ಅನುಮಾನಿಸುವ ಮೊದಲು ಗಡಿಯಾರ ನೋಡಿ. ಅದು ಹಾಲು ಕುಡಿದು ಎಷ್ಟು ಹೊತ್ತಾಯಿತು? ಅರ್ಧ ಗಂಟೆಯ ಹಿಂದೆ ಎದೆಹಾಲು ಕುಡಿದಿದ್ದರೆ, ಇಲ್ಲವೇ ಬಾಟಲಿಯಲ್ಲಿ 150 ಮಿಲಿ ಖಾಲಿ ಮಾಡಿದ್ದರೆ, ಆ ಪುಟ್ಟ ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಇರುವುದಿಲ್ಲ. "ಏನೂ ತಿನ್ನಲ್ಲ, ಅದಕ್ಕೇ ಹಾಲು ಕೊಡ್ತೀನಿ" ಎನ್ನುವ ತಾಯಂದಿರು ಬಹಳ ಮಂದಿ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು: ಹಾಲು ಕುಡಿದದ್ದರಿಂದಲೇ ಮಗು ತಿನ್ನುವುದಿಲ್ಲ. ಹಾಗೆಂದು ಹಾಲು ಬಿಡಿಸಬೇಕಾಗಿಲ್ಲ. ಹಾಲಿನ ಹೊತ್ತನ್ನು ಸ್ವಲ್ಪ ಅತ್ತಿತ್ತ ಸರಿಸಿದರೆ ಸಾಕು.

ಆರು ತಿಂಗಳು ತುಂಬಿ ಊಟ ಶುರುವಾದ ಹೊಸದರಲ್ಲಿ ಹಾಲೇ ಮುಖ್ಯ ಆಹಾರ. ಆಗ ಮೊದಲು ಹಾಲು, ಆಮೇಲೆ ಎರಡು ಮೂರು ಚಮಚ ಮೆತ್ತನೆಯ ಆಹಾರ. ಎಂಟು ತಿಂಗಳಾಗುವ ಹೊತ್ತಿಗೆ ಅದು ದಿನಕ್ಕೆ ಎರಡು ಮೂರು ಸಲ, 250 ಮಿಲಿ ಬಟ್ಟಲಿನಲ್ಲಿ ಅರ್ಧದಷ್ಟಾಗುತ್ತದೆ. ಒಂಬತ್ತು ತಿಂಗಳಿನಿಂದ ದಿನಕ್ಕೆ ಮೂರು ನಾಲ್ಕು ಸಲ ಕೊಡಬಹುದು. ವರ್ಷ ದಾಟಿದ ಮೇಲೆ ಈ ಕ್ರಮ ತಲೆಕೆಳಗಾಗಬೇಕು: ಮೊದಲು ಊಟ, ಹಾಲು ಆಮೇಲೆ. ಬಟ್ಟಲು ಮುಕ್ಕಾಲರಿಂದ ಪೂರ್ತಿಯವರೆಗೆ ತುಂಬುತ್ತದೆ. ಎದೆಹಾಲು ಕುಡಿಯುತ್ತಿರುವ ಆರೇಳು ತಿಂಗಳ ಮಗುವಿಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಸಿಕ್ಕರೆ ಸಾಕು. ಒಂದರಿಂದ ಎರಡು ವರ್ಷದ ಮಗುವಿಗೆ ಸುಮಾರು 550 ಕ್ಯಾಲರಿ ಬೇಕು. ಹಳೆಯ ವೇಳಾಪಟ್ಟಿಯಲ್ಲೇ ಉಳಿದರೆ ಈ ವ್ಯತ್ಯಾಸ ತುಂಬುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದವರೆಗೆ, ಅದಕ್ಕೂ ಮುಂದೆ ಎದೆಹಾಲು ಕೊಡಬಹುದು ಎನ್ನುತ್ತದೆ. ಅದು ಊಟದ ಜೊತೆಗೆ, ಊಟದ ಬದಲಿಗೆ ಅಲ್ಲ.

ಊಟಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ದೊಡ್ಡ ಕಾರಣ ಕಬ್ಬಿಣದಂಶ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪಡೆದು ಕೂಡಿಟ್ಟುಕೊಂಡದ್ದು ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಬೇಗ. ಎದೆಹಾಲಿನಲ್ಲಿರುವ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ ನಿಜ, ಆದರೆ ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು. ಫಾರ್ಮುಲಾ ಪುಡಿಗೆ ಕಬ್ಬಿಣ ಸೇರಿಸಿರುತ್ತಾರೆ. ವರ್ಷ ತುಂಬಿತೆಂದು ಒಂದೇ ದಿನದಲ್ಲಿ ಫಾರ್ಮುಲಾ ನಿಲ್ಲಿಸಿ, ಅಷ್ಟೇ ಬಾಟಲಿ ಹಸುವಿನ ಹಾಲು ಕೊಡುತ್ತ ಹೋದರೆ ಆ ಮೂಲವೂ ತಟ್ಟನೆ ನಿಂತುಬಿಡುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಸಾಲದ್ದಕ್ಕೆ ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನು ಬೇರೆ ಆಹಾರದ ಕಬ್ಬಿಣವೂ ಮೈಗೆ ಹತ್ತದಂತೆ ತಡೆಯುತ್ತವೆ. ಕೆಲವು ಮಕ್ಕಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಕರುಳಿನಿಂದ ಜಿನುಗುವುದೂ ಉಂಟು. ಅದಕ್ಕೇ ದಿನಕ್ಕೆ ಮುಕ್ಕಾಲು ಲೀಟರು, ಒಂದು ಲೀಟರು ಹಾಲು ಕುಡಿಯುವ ಮಗು ದುಂಡುದುಂಡಾಗಿ ಕಂಡರೂ ಒಳಗೆ ರಕ್ತಹೀನತೆ ಇರಬಹುದು. ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ಅಂಗೈ ಬಿಳಿಚಿಕೊಂಡಿದ್ದರೆ, ಮಗು ಸುಮ್ಮಸುಮ್ಮನೆ ರಚ್ಚೆ ಹಿಡಿಯುತ್ತಿದ್ದರೆ, ಮಣ್ಣು, ಸುಣ್ಣ, ಕಾಗದ ಬಾಯಿಗೆ ಹಾಕಿಕೊಂಡು ತಿನ್ನುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಹನಿಗಳನ್ನು ನೀವೇ ತಂದು ಹಾಕಬೇಡಿ, ಅಳತೆ ತಪ್ಪಿದರೆ ಅದು ವಿಷ.

ಮೊಟ್ಟೆ, ಮೀನು, ಮಾಂಸ, ಬೇಳೆಕಾಳು, ಹಸಿರು ಸೊಪ್ಪು, ಇವುಗಳಲ್ಲಿ ನಿಮ್ಮ ಮನೆಯಲ್ಲಿ ನಡೆಯುವುದನ್ನು ದಿನಕ್ಕೆ ಎರಡು ಹೊತ್ತಾದರೂ ತಟ್ಟೆಯಲ್ಲಿಡಿ. ಬೇಳೆ, ಸೊಪ್ಪಿನ ಕಬ್ಬಿಣ ತಾನಾಗಿ ಅಷ್ಟು ಹತ್ತುವುದಿಲ್ಲ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಅಥವಾ ಜೊತೆಗೆ ಎರಡು ತೊಳೆ ಕಿತ್ತಳೆ, ಒಂದಿಷ್ಟು ಟೊಮೇಟೊ ಕೊಡಿ. ಈ ಊಟದ ಜೊತೆ ಲೋಟದಲ್ಲಿ ನೀರಿರಲಿ, ಹಾಲು ಬೇಡ. ಮಗುವಿಗೆಂದು ಮಾಡಿದ್ದಕ್ಕೆ ಒಂದು ಚಮಚ ಎಣ್ಣೆಯನ್ನೋ ಬೆಣ್ಣೆಯನ್ನೋ ಬೆರೆಸಿದರೆ ಕಡಿಮೆ ತಿಂದರೂ ಶಕ್ತಿ ಸಿಗುತ್ತದೆ. ನೀರಾಗಿ ಹರಿಯುವ ಗಂಜಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ. ಚಮಚ ಓರೆ ಮಾಡಿದರೆ ತಟ್ಟನೆ ಜಾರದಷ್ಟು ಗಟ್ಟಿ ಇರಬೇಕು.

ಇನ್ನು ದಿನಚರಿ. ಬೆಳಗ್ಗೆ ಏಳಕ್ಕೆ ಎದ್ದ ಮಗುವಿಗೆ ಎದೆಹಾಲು ಅಥವಾ ಲೋಟದಲ್ಲಿ 100–120 ಮಿಲಿ ಹಾಲು ಕೊಟ್ಟರೆ, ತಿಂಡಿ ಎಂಟೂವರೆಗೆ. ಹಾಲಿಗೂ ತಿಂಡಿಗೂ ನಡುವೆ ಒಂದೂವರೆ ಗಂಟೆ ಇದ್ದರೆ ಹಸಿವು ತಾನಾಗಿ ಬರುತ್ತದೆ. ಹನ್ನೊಂದಕ್ಕೆ ಹಣ್ಣು, ನೀರು. ಹನ್ನೆರಡೂವರೆಗೆ ಊಟ. ಮಧ್ಯಾಹ್ನ ಮಲಗಿಸುವಾಗ ಎದೆಹಾಲು ಕೇಳಿದರೆ ಕೊಡಿ, ಊಟ ಮುಗಿದಿರುವುದರಿಂದ ತೊಂದರೆಯಿಲ್ಲ. ಸಂಜೆ ನಾಲ್ಕಕ್ಕೆ ಕೈಯಲ್ಲಿ ಹಿಡಿದು ತಿನ್ನುವಂಥದ್ದೇನಾದರೂ, ಜೊತೆಗೆ ಸ್ವಲ್ಪ ಹಾಲು ಅಥವಾ ಮೊಸರು. ಏಳಕ್ಕೆ ಊಟ, ಮಲಗುವ ಮುನ್ನ ಕೊನೆಯ ಹಾಲು, ಆಮೇಲೆ ಹಲ್ಲುಜ್ಜುವುದು. ಹಸುವಿನ ಹಾಲೋ ಫಾರ್ಮುಲಾವೋ ಆದರೆ ದಿನದ ಲೆಕ್ಕ ಎಲ್ಲ ಸೇರಿ 350ರಿಂದ 500 ಮಿಲಿ ಮೀರದಿರಲಿ. ಎದೆಹಾಲನ್ನು ಅಳೆಯಲಾಗದು, ಮೂರು ನಾಲ್ಕು ಸಲ ಎಂದಿಟ್ಟುಕೊಳ್ಳಿ. ತೊಂದರೆ ಕೊಡುವುದು ಇಪ್ಪತ್ತು ನಿಮಿಷಕ್ಕೊಮ್ಮೆ ಬಂದು ಎರಡು ಗುಟುಕು ಕುಡಿದು ಓಡುವ ಅಭ್ಯಾಸ. ಆಗ ಮಗುವಿಗೆ ಪೂರ್ತಿ ಹೊಟ್ಟೆಯೂ ತುಂಬುವುದಿಲ್ಲ, ಪೂರ್ತಿ ಹಸಿವೂ ಆಗುವುದಿಲ್ಲ. ಬೇಸರಕ್ಕೆ ಕೇಳುತ್ತಿದೆಯೋ ಹಸಿವಿಗೋ ಎಂದು ಗಮನಿಸಿ. ಬೇಸರಕ್ಕಾದರೆ ಎತ್ತಿಕೊಂಡು ಹೊರಗೆ ಬನ್ನಿ, ನೀರು ಕೊಡಿ, ಆಟಕ್ಕೆ ಹಚ್ಚಿ. ಅಪ್ಪುಗೆ ಬೇಕೆಂದು ಬಂದದ್ದಾದರೆ ಅಪ್ಪಿಕೊಳ್ಳಿ.

ರಾತ್ರಿ ಎರಡು ಮೂರು ಬಾಟಲಿ ಕುಡಿದ ಮಗು ಬೆಳಗ್ಗೆ ತಿಂಡಿ ಒಲ್ಲೆ ಎಂದರೆ ತಪ್ಪು ಮಗುವಿನದಲ್ಲ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆಹೋದರೆ ಹಾಲಿನ ಸಕ್ಕರೆ ಹಲ್ಲಿನ ಮೇಲೆ ನಿಂತು ಮುಂದಿನ ಮೇಲ್ಹಲ್ಲುಗಳು ಮೊದಲು ಹುಳುಕಾಗುತ್ತವೆ. ಬಿಡಿಸುವಾಗ ಎರಡು ಮೂರು ರಾತ್ರಿಗೊಮ್ಮೆ 30 ಮಿಲಿ ಕಡಿಮೆ ಮಾಡುತ್ತ ಬನ್ನಿ. 60ಕ್ಕೆ ಇಳಿದ ಮೇಲೆ ನಿಲ್ಲಿಸಿ, ನೀರು ಕುಡಿಸಿ, ತಟ್ಟಿ ಮಲಗಿಸಿ. ಎರಡು ಮೂರು ರಾತ್ರಿ ಅತ್ತೀತು, ಪಕ್ಕದಲ್ಲೇ ಇರಿ. ಫಾರ್ಮುಲಾವನ್ನು ಮಾತ್ರ ತೆಳ್ಳಗೆ ಮಾಡಿ ಕೊಡಬೇಡಿ. ಡಬ್ಬಿಯ ಮೇಲಿನ ಅಳತೆಗಿಂತ ನೀರು ಹೆಚ್ಚಾದರೆ ಮಗುವಿಗೆ ಪೋಷಣೆ ಕಡಿಮೆ, ಪುಟ್ಟ ಕೂಸುಗಳಲ್ಲಿ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ.

ಫಾರ್ಮುಲಾ ಕಲಸುವ ನೀರು ಕುದಿದು ಆರುತ್ತಿರುವಾಗ 70 ಡಿಗ್ರಿಗಿಂತ ಕೆಳಗಿಳಿದಿರಬಾರದು, ಏಕೆಂದರೆ ಪುಡಿಯಲ್ಲಿರಬಹುದಾದ ರೋಗಾಣು ಸಾಯುವುದು ಆ ಬಿಸಿಗೆ. ಕಲಸಿದ ಮೇಲೆ ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡುವಷ್ಟು ಆರಿಸಿ ಕೊಡಿ. ಮಗು ಬಾಯಿ ಹಚ್ಚಿದ ಮೇಲೆ ಒಂದು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ. ವರ್ಷ ದಾಟಿದ, ಚೆನ್ನಾಗಿ ಊಟ ಮಾಡುವ ಮಗುವಿಗೆ ಫಾರ್ಮುಲಾ ಅಗತ್ಯವೇ ಇಲ್ಲ. ದೊಡ್ಡ ಮಕ್ಕಳದ್ದೆಂದು ಬರುವ ಸಿಹಿ ಹಾಲುಪುಡಿಗಳೂ ಬೇಡ. ವರ್ಷದ ನಂತರ ಕೆನೆ ತೆಗೆಯದ ಕಾಯಿಸಿದ ಹಾಲು ಸಾಕು, ಅದೂ ಬಾಟಲಿಯಲ್ಲಲ್ಲ, ಲೋಟದಲ್ಲಿ. ಹದಿನೆಂಟು ತಿಂಗಳ ಹೊತ್ತಿಗೆ ಬಾಟಲಿ ಮನೆಯಿಂದಲೇ ಹೋಗಲಿ. ಲೋಟದಲ್ಲಿ ಕುಡಿಯುವ ಮಗು ಬೇಕಾದಷ್ಟು ಕುಡಿದು ನಿಲ್ಲಿಸುತ್ತದೆ. ವರ್ಷದೊಳಗೆ ಹಸುವಿನ ಹಾಲನ್ನು ಕುಡಿಯುವ ಮುಖ್ಯ ಹಾಲಾಗಿ ಕೊಡಬೇಡಿ, ಜೇನುತುಪ್ಪವನ್ನಂತೂ ನೆಕ್ಕಿಸಲೂ ಬೇಡಿ.

ಇಷ್ಟೆಲ್ಲ ಮಾಡಿದರೂ ಮಗು ಮೊದಲಿನಷ್ಟು ತಿನ್ನುತ್ತಿಲ್ಲ ಅನ್ನಿಸಬಹುದು. ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಮೂರು ಪಟ್ಟು ಆದ ಮಗು ಎರಡನೇ ವರ್ಷದಲ್ಲಿ ಏರುವುದು ಬರೀ ಎರಡು ಎರಡೂವರೆ ಕಿಲೋ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಇದು ರೋಗವಲ್ಲ. ಇಪ್ಪತ್ತೈದು ನಿಮಿಷ ತಟ್ಟೆ ಮುಂದಿಡಿ, ಒತ್ತಾಯ ಮಾಡದೆ ತೆಗೆಯಿರಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ತಿನ್ನಲಿಲ್ಲವೆಂದು ಹತ್ತು ನಿಮಿಷಕ್ಕೆ ಹಾಲು ಕೊಟ್ಟರೆ, ಊಟ ಬಿಟ್ಟರೆ ಹಾಲು ಬರುತ್ತದೆ ಎಂದು ಅದು ಎರಡೇ ದಿನದಲ್ಲಿ ಕಲಿತುಬಿಡುತ್ತದೆ. ಹೊಸ ತರಕಾರಿಯನ್ನು ಎಂಟು ಹತ್ತು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗಿಡುವ ಮಕ್ಕಳೇ ಹೆಚ್ಚು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ, ಇಡೀ ಶೇಂಗಾ, ಬಾದಾಮಿ ಬೇಡ, ಪುಡಿ ಮಾಡಿ ಬೆರೆಸಿ.

ಜ್ವರ, ಭೇದಿ ಬಂದಾಗ ಈ ಲೆಕ್ಕಾಚಾರವನ್ನೆಲ್ಲ ಬದಿಗಿಡಿ. ಆಗ ಎದೆಹಾಲು ಕೇಳಿದಷ್ಟು ಸಲ ಕೊಡಿ, ಊಟ ಸ್ವಲ್ಪಸ್ವಲ್ಪವಾಗಿ ಆಗಾಗ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದ ತೂಕ ಮರಳುತ್ತದೆ. ಪೂರ್ತಿ ಎದೆಹಾಲು ಬಿಡಿಸುವ ಯೋಚನೆ ಇದ್ದರೆ ವಾರಕ್ಕೊಂದು ಹೊತ್ತಿನಂತೆ ಬಿಡಿಸಿ. ಮೊದಲು ಮಧ್ಯಾಹ್ನದ್ದು, ಮಲಗುವ ಹೊತ್ತಿನದು ಕೊನೆಗೆ. ಒಮ್ಮೆಲೇ ನಿಲ್ಲಿಸಿದರೆ ಎದೆ ಕಲ್ಲಾಗಿ ಕಟ್ಟಿಕೊಳ್ಳುತ್ತದೆ. ಬಿಗಿತ ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆದು, ತಣ್ಣೀರ ಬಟ್ಟೆ ಇಡಿ. ಒಂದು ಕಡೆ ಕೆಂಪಾಗಿ, ಗಂಟಾಗಿ, ಜ್ವರವೂ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.