ಆಲೆಮನೆ ಒಲೇಲಿ ಕಾಯಿಸಿ ಬೆಸೆದ ಅಂಬಾಸಿಡರ್ ಮ್ಯಾನಿಫೋಲ್ಡ್

ನಮ್ಮಪ್ಪನ ಕಾಲದ 86ರ ಮಾರ್ಕ್ 4 ಅಂಬಾಸಿಡರ್ ಕಾರು, ಪೆಟ್ರೋಲು, ಅದೇ ಹಳೇ 1489 ಸಿಸಿ ಇಂಜಿನ್ನು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಇಂಜಿನ್ನಿನ ಹೊಗೆನ ಸೈಲೆನ್ಸರ್ ಕಡೆ ಸಾಗಿಸೋ ಕವಲು ಕೊಳವೆಯ, ನಡುಗಾಲಿನ ಬುಡ ಬಿರುಕು ಬಿಟ್ಟಿತ್ತು. ಎರಡು, ಮೂರನೇ ಸಿಲಿಂಡರಿನ ಹೊಗೆ ಒಂದೇ ಬಾಯಲ್ಲಿ ಬರೋ ಜಾಗ ಅದು. ಕಾಯೋದೂ ಅಲ್ಲೇ, ಒಡೆಯೋದೂ ಅಲ್ಲೇ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಪಟಪ ಸದ್ದು, ಬಿಸಿಯಾದರೆ ಬಿರುಕು ಮುಚ್ಚಿಕೊಂಡು ಗಪ್‌ಚುಪ್. ನಾನು ಅದು ವಾಲ್ವ್ ತಳ್ಳೋ ಟ್ಯಾಪೆಟ್ಟಿನ ಸದ್ದು ಅಂದ್ಕೊಂಡು ಎರಡು ತಿಂಗಳು ಅದನ್ನೇ ಅಡ್ಜಸ್ಟ್ ಮಾಡ್ತಾ ಕೂತಿದ್ದೆ. ಹೇಳ್ಕೊಳ್ಳೋಕೂ ನಾಚಿಕೆ.

ಮೈಸೂರಲ್ಲಿ ತೋರಿಸಿದ ಮೇಸ್ತ್ರಿಗಳೆಲ್ಲ ಒಂದೇ ಮಾತು: "ಬೀಡಿಗೆ (ಎರಕದ ಕಬ್ಬಿಣಕ್ಕೆ) ಬೆಸುಗೆ ನಿಲ್ಲಲ್ಲ ಸಾರ್, ಗುಜರೀಲಿ ಬೇರೆ ನೋಡಿ." ನೋಡಿದೆ. ಎರಡು ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟು ತಂದೆ. ಮನೇಲಿ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರೆ ಐದು ನಿಮಿಷಕ್ಕೆ ಅದೇ ನಡುಗಾಲಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ! ವಾಪಸ್ ತಗೊಳ್ಳಲಿಲ್ಲ. ಪೈಪಲ್ಲಿ ಹೊಸದಾಗಿ ಕಟ್ಟಿಕೊಡ್ತೀವಿ ಅಂದವರು ಒಂಬತ್ತು ಸಾವಿರ ಕೇಳಿದರು. ಹಠ ಬಂತು, ನಮ್ಮದನ್ನೇ ಉಳಿಸೋದು ಅಂತ ಕೂತೆ.

ಮೊದಲನೇ ಸಲ ಮಾಮೂಲಿ ರಾಡಲ್ಲಿ ಹೊಡೆಸಿದೆ, ಮುನ್ನೂರು ರೂಪಾಯಿ ದಂಡ. ಬೆಸುಗೆ ಗಟ್ಟಿಯಾಗೇ ಇತ್ತು, ಅದರ ಪಕ್ಕದ ಬೀಡೇ ಗಾಜಿನ ಹಾಗೆ ಸೀಳಿತ್ತು. ಎರಡನೇ ಸಲ ನಿಕಲ್ ರಾಡು, ಆದರೆ ಕಾಯಿಸದೆ ಹೊಡೆದೆ. ಕಾಫಿ ಕುಡೀತಾ ಕೂತಿದ್ದಾಗ ಶೆಡ್ಡೊಳಗಿಂದ "ಟಿಂಗ್" ಅಂತು. ಲೋಟ ಕೆಳಗಿಟ್ಟು ಹೋಗಿ ನೋಡೋ ಮನಸ್ಸೂ ಬರಲಿಲ್ಲ.

ಇಡೀ ಮ್ಯಾನಿಫೋಲ್ಡನ್ನ ಒಂದೇ ಸಮ ಕಾಯಿಸಬೇಕು, ನಿಧಾನಕ್ಕೆ ಆರಿಸಬೇಕು, ಅಷ್ಟೇ ಉಳಿದಿದ್ದ ದಾರಿ. ಗ್ಯಾಸ್ ಟಾರ್ಚಲ್ಲಿ ಒಂದು ಕಡೆ ಕಾಯಿಸೋ ಹೊತ್ತಿಗೆ ಇನ್ನೊಂದು ಕಡೆ ಆರಿರುತ್ತೆ. ಮಂಡ್ಯದ ಹತ್ತಿರ ಭಾವಮೈದುನನ ಆಲೆಮನೆ ನೆನಪಾಯ್ತು. ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಉರಿಯೋ ಒಲೆ, ಹೊಗೆ ಗೂಡಿನ ಬುಡದಲ್ಲಿ ದಿನವಿಡೀ ಒಂದೇ ಹದದ ಕಾವು. ಆಳುಗಳು ನಕ್ಕರು: "ಬೆಲ್ಲ ಬಿಟ್ಟು ಕಾರು ಬೇಯಿಸೋಕೆ ಬಂದವ್ರೆ."

ಅದಕ್ಕೂ ಮೊದಲು ನಿಧಾನಕ್ಕೆ ಆರಿಸೋಕೆ ಬೂದಿ ಹುಡುಕಿದ್ದೆ. ಗುಜರಿ ಮ್ಯಾನಿಫೋಲ್ಡನ್ನ ಮೂರು ತುಂಡು ಮಾಡಿ, ಕಾಯಿಸಿ, ಒಂದನ್ನ ಮರಳಲ್ಲಿ, ಒಂದನ್ನ ರಚ್ಚಿನ ಬೂದೀಲಿ, ಇನ್ನೊಂದನ್ನ ರೈಸ್‌ಮಿಲ್ಲಿನ ಹೊಟ್ಟಿನ ಬೂದೀಲಿ ಹೂತೆ. ಬೆಳಗ್ಗೆ ಮರಳಿನದು ತಣ್ಣಗೆ, ರಚ್ಚಿನದು ಉಗುರುಬೆಚ್ಚಗೆ, ಹೊಟ್ಟಿನದು ಬರಿಗೈಲಿ ಹಿಡಿಯೋಕಾಗದಷ್ಟು ಬಿಸಿ. ಎರಡು ಚೀಲ ಹೊಟ್ಟಿನ ಬೂದಿ ಪುಕ್ಕಟೆ ಸಿಕ್ಕಿತು. ಹಿತ್ತಾಳೆ ಬ್ರೇಜಿಂಗನ್ನೂ (ಹಿತ್ತಾಳೆ ಕರಗಿಸಿ ಬೆಸೆಯೋದು) ಆ ತುಂಡುಗಳ ಮೇಲೇ ನೋಡಿದೆ. ಚೆನ್ನಾಗೇ ಕಚ್ಚಿತು, ಆದರೆ ಕೆಂಪಗೆ ಕಾಯೋ ಜಾಗಕ್ಕೆ ಹಿತ್ತಾಳೆ ನಂಬೋಕೆ ಧೈರ್ಯ ಬರಲಿಲ್ಲ.

ಬಿರುಕಿನ ಎರಡೂ ತುದೀಲಿ ಮೂರು ಎಂಎಂ ತೂತು, ಬಿರುಕಿನುದ್ದಕ್ಕೂ ಗ್ರೈಂಡರಲ್ಲಿ ವಿ ಆಕಾರದ ತೋಡು. ಕಾವಿನ ಅಳತೆಗೆ ಉಜ್ಜಿ ಹೊಳಪು ಮಾಡಿದ ಉಕ್ಕಿನ ಚೂರೊಂದನ್ನ ಜೊತೇಲಿಟ್ಟೆ. ಅದು ಹೊಂಬಣ್ಣ ದಾಟಿ ನೀಲಿಗೆ ತಿರುಗಿದರೆ ಸುಮಾರು 300 ಡಿಗ್ರಿ. ಬೆಸುಗೆಯ ಮೊದಲ ಎಳೆ ಕೊಪ್ಪರಿಗೆ ನೊರೆ ಥರ ಉಕ್ಕಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕುಡಿದ ಮಸಿ, ಎಣ್ಣೆ. ಕೆರೆದು ತೆಗೆದು ಮತ್ತೆ ಹೊಡೆದೆ. ಇಂಚಿಗಿಂತ ಉದ್ದ ಎಳೀಲಿಲ್ಲ, ಎಳೆದ ತಕ್ಷಣ ಗುಂಡುಮೂತಿ ಸುತ್ತಿಗೇಲಿ ಮೆತ್ತಗೆ ತಟ್ಟಿದೆ. ಮಧ್ಯದಲ್ಲಿ ಕರೆಂಟ್ ಹೋಯ್ತು! ಪೀಸನ್ನ ಮತ್ತೆ ಗೂಡಿನ ಬುಡಕ್ಕೆ ತಳ್ಳಿ ಒಂದೂವರೆ ಗಂಟೆ ಕಾದೆ. ಟಾರ್ಚ್ ನಂಬಿದ್ದರೆ ಅವತ್ತೇ ಕಥೆ ಮುಗೀತಿತ್ತು. ಸೊಟ್ಟಾಗದ ಹಾಗೆ ಯಾವುದಕ್ಕೆ ಬಿಗಿದಿದ್ದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೂದೀಲಿ ಒಂದು ರಾತ್ರಿ, ಒಂದು ಹಗಲು. ತೆಗೆಯುವಾಗ ಕೈ ನಡುಗ್ತಿತ್ತು. ಸೀಮೆಎಣ್ಣೆ, ಸುಣ್ಣದ ಪುಡಿ, ಗೆರೆ ಇಲ್ಲ. ನಾಲ್ಕೈದು ನಿಕಲ್ ರಾಡು, ಫೇಸಿಂಗು (ಇಂಜಿನ್ನಿಗೆ ಕೂರೋ ಮುಖ ಉಜ್ಜಿಸಿ ಸಮ ಮಾಡಿಸಿದ್ದು), ಗ್ಯಾಸ್ಕೆಟ್ಟು, ಆಳುಗಳಿಗೆ ಟೀ ಬೋಂಡ, ಎಲ್ಲ ಸೇರಿ ಎರಡು ಸಾವಿರದ ಚಿಲ್ಲರೆ ಇರಬೇಕು. ಗುಜರಿ ದುಡ್ಡು ಇದರಲ್ಲಿ ಸೇರಿಲ್ಲ, ಅದನ್ನ ಮನೇಲೂ ಹೇಳಿಲ್ಲ.

ಈಗ ಏಳು ಸಾವಿರ ಕಿಲೋಮೀಟರ್ ಆಗಿರಬಹುದು. ಚಾಮುಂಡಿ ಬೆಟ್ಟಕ್ಕೆ ಐದು ಜನ ತುಂಬಿಕೊಂಡು ಹತ್ತಿದೆ, ಸದ್ದಿಲ್ಲ. ಫೇಸಿಂಗ್ ಮಾಡಿದವನು ಮಾತ್ರ ಒಂದು ತುದೀಲಿ ಜಾಸ್ತಿ ತೆಗೆದುಬಿಟ್ಟಿದ್ದಾನೆ. ಅಲ್ಲಿ ಗ್ಯಾಸ್ಕೆಟ್ ಎರಡು ಹಾಕಿದ್ದೀನಿ, ಆ ನಟ್ಟು ತಿಂಗಳಿಗೊಂದು ಸಲ ಸಡಿಲ ಆಗುತ್ತೆ.