ಆಫ್ಟರ್ ಎಫೆಕ್ಟ್ಸ್ ತೆವಳುತ್ತಿದೆಯೇ? ಮೊದಲು ಹಸಿರು ಗೆರೆ ನೋಡಿ

ಚಿತ್ರ, ಅಕ್ಷರಗಳಿಗೆ ಚಲನೆ ಕೊಡುವ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮದುವೆ ಆಮಂತ್ರಣದ ಮೂವತ್ತು ಸೆಕೆಂಡಿನ ವಿಡಿಯೊ. ಸ್ಪೇಸ್ ಬಾರ್ ಒತ್ತಿದರೆ ಅಕ್ಷರಗಳು ತಡವರಿಸುತ್ತವೆ, ಹೂವಿನ ಹಾರ ನಡುದಾರಿಯಲ್ಲೇ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಬೆಲೆ ವಿಚಾರಿಸಲು ಹೊರಡುತ್ತಾರೆ. ಸ್ವಲ್ಪ ತಾಳಿ. ತೊಂದರೆ ಎಲ್ಲಿದೆ ಎಂಬುದನ್ನು ಸಾಫ್ಟ್‌ವೇರ್ ಆಗಲೇ ತೋರಿಸುತ್ತಿರುತ್ತದೆ.

ಟೈಮ್‌ಲೈನಿನ ಮೇಲಂಚಿನಲ್ಲಿ, ಸೆಕೆಂಡುಗಳ ಅಳತೆಪಟ್ಟಿಯ ಕೆಳಗೆ, ತೆಳ್ಳನೆಯ ಹಸಿರು ಗೆರೆಯೊಂದು ಬೆಳೆಯುತ್ತದೆ. ಹಸಿರು ಬಂದ ಫ್ರೇಮ್ ಸಿದ್ಧವಾಗಿ ರ‍್ಯಾಮ್‌ನಲ್ಲಿ ಕೂತಿದೆ ಎಂದರ್ಥ. ನೀಲಿಯಿದ್ದರೆ ಅದು ಡಿಸ್ಕ್‌ನಲ್ಲಿದೆ. ಈ ಗೆರೆಯನ್ನು ಒಂದು ನಿಮಿಷ ಗಮನಿಸಿ. ಅದು ಬಹಳ ನಿಧಾನವಾಗಿ ಮುಂದೆ ಸಾಗುತ್ತಿದ್ದರೆ ಯಾವುದೋ ಲೇಯರ್ (ಒಂದರ ಮೇಲೊಂದು ಜೋಡಿಸಿದ ಪದರ) ಅಥವಾ ಎಫೆಕ್ಟ್ ಭಾರವಾಗಿದೆ. 2025ರ 25.2ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಚೆನ್ನಾಗಿ ಬೆಳೆದು ಅರ್ಧಕ್ಕೆ ನಿಂತು, ಅಷ್ಟು ಭಾಗ ಮಾತ್ರ ಮತ್ತೆ ಮತ್ತೆ ಓಡುತ್ತಿದ್ದರೆ ರ‍್ಯಾಮ್ ತುಂಬಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ರ‍್ಯಾಮ್ ತುಂಬುವುದು ಹೇಗೆ

ಲೆಕ್ಕ ಸರಳ. 1920×1080 ಅಳತೆಯ ಒಂದು ಫ್ರೇಮ್ 8 ಬಿಟ್ ಬಣ್ಣದಲ್ಲಿ ಸುಮಾರು 8.3 ಎಂಬಿ ಜಾಗ ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಂತೆ ಮೂವತ್ತು ಸೆಕೆಂಡಿಗೆ 750 ಫ್ರೇಮ್, ಅಂದರೆ 6.2 ಜಿಬಿ. ಅದೇ ಪ್ರಾಜೆಕ್ಟ್ 16 ಬಿಟ್‌ನಲ್ಲಿದ್ದರೆ 12.4 ಜಿಬಿ, 32 ಬಿಟ್‌ನಲ್ಲಿದ್ದರೆ ಹತ್ತಿರ ಹತ್ತಿರ 25 ಜಿಬಿ. 16 ಜಿಬಿ ರ‍್ಯಾಮ್ ಇರುವ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್, ಕ್ರೋಮ್ ಎಲ್ಲಾ ತಮ್ಮ ಪಾಲು ತೆಗೆದುಕೊಂಡ ಮೇಲೆ 25 ಜಿಬಿ ಎಲ್ಲಿಂದ ಬರಬೇಕು? ಇದರ ಮೇಲೆ ಒಂದೊಂದು ಲೇಯರಿನ ನಡುವಣ ಲೆಕ್ಕಗಳೂ ರ‍್ಯಾಮ್‌ನಲ್ಲೇ ಕೂರುತ್ತವೆ.

ಪ್ರಾಜೆಕ್ಟ್ ಪ್ಯಾನೆಲ್‌ನ ಕೆಳಗೆ '16 ಬಿಪಿಸಿ' ಎಂದೋ '32 ಬಿಪಿಸಿ' ಎಂದೋ (ಒಂದೊಂದು ಬಣ್ಣದ ಚಾನೆಲ್‌ಗೆ ಎಷ್ಟು ಬಿಟ್ ಎಂಬುದರ ಗುರುತು) ಇದ್ದರೆ ಆಲ್ಟ್ ಕೀಲಿ ಒತ್ತಿಕೊಂಡು ಅದರ ಮೇಲೆ ಕ್ಲಿಕ್ ಮಾಡಿ 8ಕ್ಕೆ ತನ್ನಿ. ಕೆಲಸವೆಲ್ಲ 8ರಲ್ಲಿ ಮಾಡಿ, ಕೊನೆಯ ರೆಂಡರ್‌ಗೆ (ವಿಡಿಯೊ ಫೈಲಾಗಿ ಹೊರತೆಗೆಯುವುದಕ್ಕೆ) ಮುನ್ನ 16ಕ್ಕೆ ಏರಿಸಿದರೆ ಸಾಕು. ಆಕಾಶದಂಥ ನಯವಾದ ಬಣ್ಣದಲ್ಲಿ ಪಟ್ಟೆ ಕಾಣುವುದು ತಪ್ಪುತ್ತದೆ. 32 ಬಿಟ್‌ನಲ್ಲೇ ಶುರು ಮಾಡಿದ ಕೆಲಸವಾದರೆ ಎಚ್ಚರ: ಇಳಿಸಿದಾಗ ಗ್ಲೋ ಮತ್ತು ಬ್ಲೆಂಡಿಂಗ್ ಬೇರೆಯಾಗಿ ಕಾಣಬಹುದು.

ಆಮೇಲೆ ಕಂಟ್ರೋಲ್, ಶಿಫ್ಟ್, ಜೆ ಒಟ್ಟಿಗೆ ಒತ್ತಿ. ಪ್ರಿವ್ಯೂ ಅರ್ಧ ರೆಸಲ್ಯೂಶನ್‌ಗೆ ಬರುತ್ತದೆ. ಅಗಲ ಅರ್ಧ, ಎತ್ತರ ಅರ್ಧ, ಹಾಗಾಗಿ ಪಿಕ್ಸೆಲ್‌ಗಳು ಕಾಲುಭಾಗ, ಮೇಲಿನ 6.2 ಜಿಬಿ ಒಂದೂವರೆ ಜಿಬಿ ಆಗುತ್ತದೆ. ಚಲನೆಯ ವೇಗ, ಲಯ ನೋಡಲು ಇಷ್ಟು ಸ್ಪಷ್ಟತೆ ಧಾರಾಳ. ಕಂಟ್ರೋಲ್, ಜೆ ಒತ್ತಿದರೆ ಮತ್ತೆ ಪೂರ್ಣ.

'ಎಡಿಟ್' ಮೆನುವಿನ 'ಪ್ರಿಫರೆನ್ಸಸ್' ಒಳಗೆ 'ಮೀಡಿಯಾ ಅಂಡ್ ಡಿಸ್ಕ್ ಕ್ಯಾಷ್' ತೆರೆದು, ಸಿದ್ಧವಾದ ಫ್ರೇಮ್‌ಗಳನ್ನು ಡಿಸ್ಕ್‌ನಲ್ಲಿ ಕೂಡಿಡುವ ಕ್ಯಾಷ್ ಫೋಲ್ಡರ್ ಎಲ್ಲಿದೆ ನೋಡಿ. ಅದು ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿಗೆ ಬದಲಿಸಿ, 50 ಜಿಬಿಯಾದರೂ ಬಿಟ್ಟುಕೊಡಿ. ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗುವಷ್ಟು ತುಂಬಿದ್ದರೆ ಬೇರೆ ಯಾವ ಉಪಾಯವೂ ಫಲಿಸದು. ಮೊದಲು ಅದನ್ನು ಖಾಲಿ ಮಾಡಿ.

ಭಾರ ಯಾವ ಲೇಯರಿನದು

2021ರ ಅಕ್ಟೋಬರಿನಲ್ಲಿ ಬಂದ 22ನೇ ಆವೃತ್ತಿಯಿಂದ ಟೈಮ್‌ಲೈನಿನ ಕೆಳಗಿನ ಎಡಮೂಲೆಯಲ್ಲಿ ಪುಟ್ಟ ಬಸವನಹುಳುವಿನ ಚಿಹ್ನೆ ಇದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಒತ್ತಿದರೆ ಈ ಫ್ರೇಮ್ ಸಿದ್ಧಪಡಿಸಲು ಯಾವ ಲೇಯರ್, ಯಾವ ಎಫೆಕ್ಟ್ ಎಷ್ಟು ಸಮಯ ತಿಂದಿತು ಎಂದು ಸಾಲಾಗಿ ತೋರಿಸುತ್ತದೆ. ಊಹೆಗೆ ಇಲ್ಲಿ ಕೆಲಸವೇ ಇಲ್ಲ. ಹತ್ತು ಲೇಯರುಗಳಲ್ಲಿ ಒಂದೇ ಒಂದು ಮುಕ್ಕಾಲುಪಾಲು ಸಮಯ ನುಂಗುತ್ತಿರುವುದು ತೀರಾ ಸಾಮಾನ್ಯ.

ಹಾಗೆ ಸಿಕ್ಕಿಬೀಳುವವರಲ್ಲಿ ಮೊದಲನೆಯದು ದೊಡ್ಡ ಫೋಟೊ. ಕ್ಯಾಮೆರಾದಿಂದ ಬಂದ 6000×4000 ಪಿಕ್ಸೆಲ್‌ನ ಚಿತ್ರ 8 ಬಿಟ್‌ನಲ್ಲೂ 96 ಎಂಬಿ, ಅಂದರೆ ಇಡೀ ಪರದೆಯ ಹನ್ನೊಂದೂವರೆ ಪಟ್ಟು. ಅದನ್ನು ಮೂಲೆಯಲ್ಲಿ ಅಂಗೈಯಗಲಕ್ಕೆ ಕುಗ್ಗಿಸಿಟ್ಟರೆ ಭಾರ ಇಳಿಯಿತು ಎಂದುಕೊಳ್ಳುತ್ತೇವೆ. ಇಳಿಯುವುದಿಲ್ಲ. ಆಫ್ಟರ್ ಎಫೆಕ್ಟ್ಸ್ ಒಂದು ಲೇಯರಿಗೆ ಮೊದಲು ಮಾಸ್ಕ್, ನಂತರ ಎಫೆಕ್ಟ್, ಅದರ ಬಳಿಕವೇ ಸ್ಕೇಲ್ (ಹಿಗ್ಗಿಸು-ಕುಗ್ಗಿಸು) ಅನ್ವಯಿಸುತ್ತದೆ. ಆ ಫೋಟೊಗೆ ಬ್ಲರ್ ಹಾಕಿದ್ದರೆ, 2.4 ಕೋಟಿ ಪಿಕ್ಸೆಲ್‌ಗಳನ್ನೂ ಮಸುಕುಗೊಳಿಸಿ ಆಮೇಲೆ ಕುಗ್ಗಿಸುತ್ತದೆ. ಆದ್ದರಿಂದ ಫೋಟೊಶಾಪ್‌ನಲ್ಲೇ ಬೇಕಾದ ಅಳತೆಗೆ ತಂದು, ಝೂಮ್ ಮಾಡುವುದಿದ್ದರೆ ಅಷ್ಟು ಹೆಚ್ಚುವರಿ ಇಟ್ಟುಕೊಂಡು, ನಂತರ ಒಳಗೆ ತನ್ನಿ. ಹತ್ತು ನಿಮಿಷದ ಈ ಕೆಲಸ ಹೊಸ ಕಾರ್ಡಿಗಿಂತ ಹೆಚ್ಚು ಉಪಕಾರ ಮಾಡಿದ್ದುಂಟು.

ಎರಡನೆಯದು ಫೋನಿನ ವಿಡಿಯೊ. ಎಚ್.264 ಮತ್ತು ಎಚ್.265 ಫೈಲುಗಳಲ್ಲಿ ಪೂರ್ತಿ ಚಿತ್ರ ಇರುವುದು ಆಗೊಂದು ಈಗೊಂದು ಫ್ರೇಮ್‌ನಲ್ಲಿ ಮಾತ್ರ. ಉಳಿದವುಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಯಿತು ಎಂಬ ಟಿಪ್ಪಣಿಯಷ್ಟೇ. ನೀವು ನಡುವೆ ಎಲ್ಲೋ ಹೋಗಿ ನಿಂತರೆ, ಪೂರ್ತಿ ಚಿತ್ರ ಇರುವ ಫ್ರೇಮ್‌ವರೆಗೆ ಹಿಂದೆ ಹೋಗಿ ಅಲ್ಲಿಂದ ಬಿಡಿಸಿಕೊಂಡು ಬರಬೇಕು. ಮೀಡಿಯಾ ಎನ್‌ಕೋಡರ್‌ನಲ್ಲಿ ಅದನ್ನು ಪ್ರತಿ ಫ್ರೇಮ್‌ನಲ್ಲೂ ಪೂರ್ತಿ ಚಿತ್ರ ಇರುವ ಪ್ರೋರೆಸ್ 422ಕ್ಕೆ ಪರಿವರ್ತಿಸಿ. 1080 ವಿಡಿಯೊಗೆ ನಿಮಿಷಕ್ಕೆ ಸುಮಾರು 900 ಎಂಬಿ ಬೇಕಾಗುತ್ತದೆ. ಜಾಗ ಕಡಿಮೆಯಿದ್ದರೆ ಪ್ರೋರೆಸ್ ಪ್ರಾಕ್ಸಿ, ಅದು ಮೂರನೇ ಒಂದು ಭಾಗಕ್ಕೂ ಕಡಿಮೆ.

ಮುಗಿದ ಹಿನ್ನೆಲೆಯನ್ನು ಪ್ರತಿ ಸಲ ಲೆಕ್ಕ ಹಾಕಿಸುವುದೂ ದಂಡ. ಅದನ್ನು ಪ್ರೀಕಾಂಪ್ ಮಾಡಿ (ಅದರ ಲೇಯರುಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ), ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಆಯ್ದು, 'ಫೈಲ್' ಮೆನುವಿನ 'ಕ್ರಿಯೇಟ್ ಪ್ರಾಕ್ಸಿ', ಅದರಲ್ಲಿ 'ಮೂವಿ' ಕೊಡಿ; ಆಮೇಲೆ ಲೆಕ್ಕದ ಬದಲು ಆ ಸಿದ್ಧ ವಿಡಿಯೊವೇ ಬಳಕೆಯಾಗುತ್ತದೆ. ಪಾರದರ್ಶಕತೆ ಬೇಕಿದ್ದರೆ ಪ್ರೋರೆಸ್ 4444 ಆರಿಸಿ. ಮೋಷನ್ ಬ್ಲರ್ (ಚಲನೆಯ ಮಸುಕು) ಅನ್ನು ಟೈಮ್‌ಲೈನಿನ ಮೇಲಿನ ಒಂದೇ ಗುಂಡಿಯಿಂದ ಆಫ್ ಮಾಡಿಟ್ಟು, ರೆಂಡರ್ ಹೊತ್ತಿಗೆ ಹಾಕಿಕೊಳ್ಳಿ.

ಕಂಪ್ಯೂಟರನ್ನೂ ಒಮ್ಮೆ ನೋಡಿ

'ಫೈಲ್', 'ಪ್ರಾಜೆಕ್ಟ್ ಸೆಟ್ಟಿಂಗ್ಸ್' ಒಳಗೆ 'ಮರ್ಕ್ಯುರಿ ಸಾಫ್ಟ್‌ವೇರ್ ಓನ್ಲಿ' ಎಂದಿದ್ದರೆ ಇರುವ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿದೆ. ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಆಯ್ಕೆಗೆ ಬದಲಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಕೆಲಸ ಮಾಡಿ. ಮೊದಲ ಐದು ನಿಮಿಷ ಚುರುಕಾಗಿದ್ದು ಆಮೇಲೆ ಸೋತರೆ ಬಿಸಿಯೇ ಕಾರಣವಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, 'ಪರ್ಫಾರ್ಮೆನ್ಸ್' ಪುಟದ ಸಿಪಿಯು ವೇಗ ಇಳಿಯುತ್ತಿದೆಯೇ ನೋಡಿ. ಹಾಸಿಗೆ, ದಿಂಬಿನ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಹಸಿರು ಗೆರೆ ಅರ್ಧಕ್ಕೇ ನಿಂತರೆ ರ‍್ಯಾಮ್ ಹಾಕಿಸಬೇಕಾದದ್ದೇ. ಅದೇ ಪುಟದಲ್ಲಿ 'ಮೆಮೊರಿ' ಒತ್ತಿದರೆ 'ಸ್ಲಾಟ್ಸ್ ಯೂಸ್ಡ್' ಎಂಬ ಸಾಲು ಕಾಣುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಖಾಲಿ ಸ್ಲಾಟಿಗೆ ಅದೇ ಅಳತೆ, ಅದೇ ವೇಗದ ಇನ್ನೊಂದು ಹಾಕಿಸಿ. ಎರಡೂ ಜೊತೆಯಾಗಿ ಕೆಲಸ ಮಾಡುವುದರಿಂದ ವೇಗವೂ ಹೆಚ್ಚುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹಾಗಾಗಿ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಮಾಡೆಲ್ ನಂಬರ್ ತೋರಿಸಿ ಕೇಳಿಕೊಳ್ಳಿ.